ಉದ್ಯೋಗದ ಖಾನೆಯಲ್ಲಿ ಏನು ಬರೆಯೋದು? ಅಂತಸ್ತು ಎಂದರೇನು, ಸಮಾಜ ಅದನ್ನು ಹೇಗೆ ಹುಟ್ಟಿಸುತ್ತದೆ

ಯಾವುದೇ ಅರ್ಜಿ ತೆಗೆದುಕೊಳ್ಳಿ. ಹೆಸರು, ವಯಸ್ಸು, ವಿಳಾಸ, ಆಮೇಲೆ ಉದ್ಯೋಗ ಅನ್ನೋ ಒಂದು ಖಾನೆ. ಹೆಸರು ಬರೆಯುವಾಗ ಯಾರ ಕೈಯೂ ತಡೆಯುವುದಿಲ್ಲ. ಉದ್ಯೋಗದ ಹತ್ತಿರ ಬಂದಾಗ ಕೆಲವರ ಪೆನ್ನು ನಿಂತುಬಿಡುತ್ತದೆ. ಹೋದ ತಿಂಗಳು ಕೆಲಸ ಕಳೆದುಕೊಂಡವರು ಅಲ್ಲಿ ಏನು ಬರೆಯಬೇಕು? ಮೂವತ್ತು ವರ್ಷ ಪಾಠ ಮಾಡಿ ಈಗ ಮನೆಯಲ್ಲಿರುವವರು? ಮಕ್ಕಳನ್ನೂ ಹಾಸಿಗೆ ಹಿಡಿದ ಹಿರಿಯರನ್ನೂ ಬೆಳಗಿನಿಂದ ರಾತ್ರಿವರೆಗೆ ನೋಡಿಕೊಳ್ಳುವ, ಬಿಡಿಗಾಸು ಸಂಬಳ ಇಲ್ಲದ ಹೆಂಗಸು? ಆ್ಯಪ್ ಹೇಳಿದ ಕಡೆಗೆಲ್ಲ ಗಾಡಿ ಓಡಿಸುವ ಹುಡುಗ?

ಈಗೀಗ ಈ ಪ್ರಶ್ನೆ ಜಾಸ್ತಿ ಜನಕ್ಕೆ ಎದುರಾಗುತ್ತಿದೆ. ಕಂಪ್ಯೂಟರೇ ಪತ್ರ ಬರೆಯುತ್ತದೆ, ಚಿತ್ರ ಬಿಡಿಸುತ್ತದೆ, ಲೆಕ್ಕ ನೋಡುತ್ತದೆ ಎಂದು ಕೇಳಿದಾಗ ಮೊದಲು ಸಂಬಳದ ಚಿಂತೆ ಬರುತ್ತದೆ. ಅದರ ಹಿಂದೆಯೇ ಇನ್ನೊಂದು ಬರುತ್ತದೆ, ನಾಲ್ಕು ಜನರ ನಡುವೆ ಇನ್ನು ನಾನು ಯಾರು ಅಂತ.

ಸಮಾಜಶಾಸ್ತ್ರದ ಮೊದಲ ಪಾಠಗಳಲ್ಲಿ ಇದಕ್ಕೆ ಸಂಬಂಧಪಟ್ಟ ಎರಡು ಅಧ್ಯಾಯ ಇರುತ್ತವೆ. ಒಂದು ಅಂತಸ್ತು ಮತ್ತು ಪಾತ್ರ, ಇನ್ನೊಂದು ಸಮಾಜದ ಪ್ರಕಾರಗಳು. ಎರಡನ್ನೂ ಬೇರೆ ಬೇರೆ ಓದಿ, ಬಾಯಿಪಾಠ ಮಾಡಿ, ಪರೀಕ್ಷೆ ಬರೆದು ಮುಗಿಸುತ್ತಾರೆ, ಹಾಗಾಗಿ ಅವೆರಡರ ನಡುವಿನ ನಂಟು ಕೈತಪ್ಪಿ ಹೋಗುತ್ತದೆ. ನನಗೆ ಆ ನಂಟೇ ಮುಖ್ಯ ಅನ್ನಿಸುತ್ತದೆ. ಒಂದು ಸಮಾಜ ಹೊಟ್ಟೆಪಾಡನ್ನು ಹೇಗೆ ನಡೆಸುತ್ತದೆ ಅನ್ನೋದನ್ನು ನೋಡಿದರೆ ಅಲ್ಲಿ ಎಂಥೆಂಥ ಅಂತಸ್ತುಗಳು ಇರುತ್ತವೆ, ಯಾಕೆ ಇರುತ್ತವೆ ಅನ್ನೋದು ಬಹುಮಟ್ಟಿಗೆ ಗೊತ್ತಾಗುತ್ತದೆ.

## ಮೊದಲು ಅಂತಸ್ತು

ದಿನದ ಮಾತಿನಲ್ಲಿ ಅಂತಸ್ತು ಅಂದರೆ ದುಡ್ಡು, ದೊಡ್ಡಸ್ತಿಕೆ. "ಅವರ ಅಂತಸ್ತೇ ಬೇರೆ" ಅಂತೀವಲ್ಲ, ಹಾಗೆ. ಸಮಾಜಶಾಸ್ತ್ರದಲ್ಲಿ ಈ ಪದಕ್ಕೆ ಇನ್ನೂ ಸರಳವಾದ ಅರ್ಥ ಇದೆ. ಜನರ ನಡುವೆ ನಿಮಗಿರುವ ಒಂದು ಜಾಗ. ಮಗಳು ಅನ್ನೋದು ಒಂದು ಅಂತಸ್ತು. ರೋಗಿ ಅನ್ನೋದೂ ಅಂತಸ್ತೇ. ಗ್ರಾಹಕ, ಬಾಡಿಗೆದಾರ, ಕೈದಿ, ನ್ಯಾಯಾಧೀಶ, ಪಕ್ಕದ ಮನೆಯವರು, ಎಲ್ಲವೂ. ಅಂತಸ್ತೇ ಇಲ್ಲದ ಮನುಷ್ಯ ಎಲ್ಲೂ ಸಿಗುವುದಿಲ್ಲ, ಒಬ್ಬೊಬ್ಬರಿಗೂ ಒಂದೇ ಹೊತ್ತಿಗೆ ಹತ್ತಾರು ಇರುತ್ತವೆ.

ಬಸ್ಸಿನ ಡ್ರೈವರ್ ಸೀಟನ್ನು ನೆನೆಸಿಕೊಳ್ಳಿ. ಇವತ್ತು ಒಬ್ಬರು ಕೂರುತ್ತಾರೆ, ನಾಳೆ ಇನ್ನೊಬ್ಬರು. ಯಾರೇ ಕೂತರೂ ಗಾಡಿ ಓಡಿಸಲೇಬೇಕು, ನಿಲ್ದಾಣ ಬಂದಾಗ ನಿಲ್ಲಿಸಲೇಬೇಕು, ಕುಡಿದು ಬರುವಂತಿಲ್ಲ. ಅದರ ಜೊತೆಗೆ ಅವರಿಗೆ ಒಂದಷ್ಟು ಅಧಿಕಾರವೂ ಇರುತ್ತದೆ. ಹಿಂದಿನ ಸೀಟಿನಲ್ಲಿ ಅವರಿಗಿಂತ ಚೆನ್ನಾಗಿ ಗಾಡಿ ಓಡಿಸುವವರು ಕೂತಿದ್ದರೂ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ಆ ಸೀಟು ಇದೆಯಲ್ಲ, ಅದೇ ಅಂತಸ್ತು. ಅಲ್ಲಿ ಕೂತವರು ಮಾಡುವ ಕೆಲಸ, ನಡೆದುಕೊಳ್ಳುವ ರೀತಿ, ಅದು ಪಾತ್ರ.

ಅಮೆರಿಕದ ಮಾನವಶಾಸ್ತ್ರಜ್ಞ ರಾಲ್ಫ್ ಲಿಂಟನ್ 1936ರಲ್ಲಿ ಇವೆರಡನ್ನೂ ಬಿಡಿಸಿ ಹೇಳಿದರು. ಅಂತಸ್ತು ಎಂದರೆ ಹಕ್ಕು ಮತ್ತು ಕರ್ತವ್ಯಗಳ ಒಂದು ಕಟ್ಟು, ಅದನ್ನು ಚಲಾಯಿಸಿದಾಗ ಪಾತ್ರ. ಈ ಹಕ್ಕು-ಕರ್ತವ್ಯದ ಮಾತನ್ನು ಸ್ವಲ್ಪ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

## ರಾತ್ರಿ ಪಾಳಿಯ ವಾರ್ಡಿನಲ್ಲಿ

ಹೀಗೊಂದು ದೃಶ್ಯ ಕಣ್ಣ ಮುಂದೆ ತಂದುಕೊಳ್ಳಿ. ಆಸ್ಪತ್ರೆಯ ವಾರ್ಡು, ನಡುರಾತ್ರಿ. ಕೆಲಸಕ್ಕೆ ಸೇರಿ ಮೂರು ತಿಂಗಳಾದ ಡಾಕ್ಟರು, ಅದೇ ವಾರ್ಡಿನಲ್ಲಿ ಇಪ್ಪತ್ತು ವರ್ಷ ಕಳೆದ ನರ್ಸು. ಒಬ್ಬ ರೋಗಿಗೆ ನಿದ್ದೆ ಹತ್ತುತ್ತಿಲ್ಲ. ಯಾವ ಮಾತ್ರೆ ಕೊಟ್ಟರೆ ಸರಿಹೋಗುತ್ತದೆ ಅಂತ ನರ್ಸಿಗೆ ಗೊತ್ತು, ಆದರೆ ಬರೆದುಕೊಡುವ ಹಕ್ಕು ಡಾಕ್ಟರದು. "ಮೊನ್ನೆ ಇವರಿಗೆ ಆ ಮಾತ್ರೆ ಕೊಟ್ಟಾಗ ಚೆನ್ನಾಗಿ ನಿದ್ದೆ ಬಂದಿತ್ತು ಡಾಕ್ಟ್ರೇ" ಅಂತ ಆಕೆ ಸುಮ್ನೆ ಒಂದು ಮಾತು ಬಿಡುತ್ತಾರೆ. "ಸರಿ ಸಿಸ್ಟರ್, ಅದನ್ನೇ ಕೊಡಿ" ಅನ್ನುತ್ತಾ ಡಾಕ್ಟರು ಚೀಟಿಯಲ್ಲಿ ಬರೆಯುತ್ತಾರೆ. ಸಲಹೆ ಕೊಟ್ಟವರು ಸಲಹೆ ಕೊಟ್ಟ ಹಾಗೆ ಕಾಣಲಿಲ್ಲ. ತೆಗೆದುಕೊಂಡವರು ತೆಗೆದುಕೊಂಡ ಹಾಗೆ ಕಾಣಲಿಲ್ಲ.

ಲಿಯೊನಾರ್ಡ್ ಸ್ಟೈನ್ ಅನ್ನೋ ಮನೋವೈದ್ಯ 1967ರಲ್ಲಿ ಇದನ್ನೇ ಡಾಕ್ಟರ್-ನರ್ಸ್ ಆಟ ಎಂದು ಕರೆದು ವಿವರಿಸಿದರು. ತಿಳಿವಳಿಕೆ ಒಂದು ಕುರ್ಚಿಯಲ್ಲಿ, ಅಧಿಕಾರ ಇನ್ನೊಂದು ಕುರ್ಚಿಯಲ್ಲಿ ಇದ್ದಾಗ ಜನ ಹೀಗೆ ದಾರಿ ಮಾಡಿಕೊಳ್ಳುತ್ತಾರೆ. ಅಂತಸ್ತು ಅನ್ನೋದು ನಮ್ಮ ಮಾತಿನ ದನಿಯನ್ನೂ ವಾಕ್ಯ ಕಟ್ಟುವ ರೀತಿಯನ್ನೂ ಎಷ್ಟು ಆಳಕ್ಕೆ ಇಳಿದು ತಿದ್ದುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಅದೇ ನರ್ಸನ್ನು ಇನ್ನೂ ಸ್ವಲ್ಪ ಹೊತ್ತು ನೋಡಿ. ರೋಗಿಯ ಹತ್ತಿರ ಆಕೆಯ ದನಿ ಮೆತ್ತಗೆ. ಗಲಾಟೆ ಮಾಡುವ ಸಂಬಂಧಿಕರ ಹತ್ತಿರ ಗಟ್ಟಿ. ಹೊಸದಾಗಿ ಬಂದ ನರ್ಸಿಗೆ ಆಕೆ ಮೇಷ್ಟ್ರು. ಅಂತಸ್ತು ಒಂದೇ, ಪಾತ್ರ ಹಲವು. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1957ರಲ್ಲಿ ಇದನ್ನು ಪಾತ್ರಗಳ ಗುಂಪು ಎಂದು ಗುರುತಿಸಿದರು. ಒಂದೇ ಅಂತಸ್ತಿನ ಒಳಗಿನ ಪಾತ್ರಗಳು ಒಂದನ್ನೊಂದು ಎಳೆದಾಡಿದರೆ ಅದು ಪಾತ್ರದ ಒತ್ತಡ. ರೋಗಿಯ ಪಕ್ಕ ಕೂತು ಸಮಾಧಾನ ಹೇಳಬೇಕು, ಅದೇ ಹೊತ್ತಿಗೆ ಇನ್ನೂ ಹನ್ನೆರಡು ಹಾಸಿಗೆ ನೋಡಬೇಕು, ಹಾಗೆ. ಎರಡು ಬೇರೆ ಬೇರೆ ಅಂತಸ್ತುಗಳು ಡಿಕ್ಕಿ ಹೊಡೆದರೆ ಅದು ಪಾತ್ರ ಸಂಘರ್ಷ. ಮನೆಯಲ್ಲಿ ಆಕೆಯ ಮಗುವಿಗೆ ಜ್ವರ, ಇಲ್ಲಿ ಪಾಳಿ ಬಿಟ್ಟು ಹೋಗುವಂತಿಲ್ಲ. ತಾಯಿ ಅನ್ನೋ ಜಾಗ ಒಂದು ಕಡೆ ಕರೆಯುತ್ತದೆ, ನರ್ಸ್ ಅನ್ನೋ ಜಾಗ ಇನ್ನೊಂದು ಕಡೆ. ಇಂಥ ಹೊತ್ತಿನಲ್ಲಿ ತುಂಬ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. ಎರಡು ಸೀಟುಗಳ ಕರ್ತವ್ಯ ಒಂದೇ ಗಂಟೆಯಲ್ಲಿ ಬಂದು ಬಿದ್ದದ್ದಕ್ಕೆ ಅವರೇನು ಮಾಡಲು ಆಗುತ್ತದೆ ಹೇಳಿ.

## ಹುಟ್ಟಿನಿಂದ ಬಂದದ್ದು, ಗಳಿಸಿಕೊಂಡದ್ದು

ಲಿಂಟನ್ ಅವರೇ ಮಾಡಿದ ಇನ್ನೊಂದು ವಿಂಗಡಣೆ ಇದೆ. ಕೆಲವು ಅಂತಸ್ತು ನಾವು ಕೇಳದೆಯೇ ಬರುತ್ತವೆ. ಗಂಡೋ ಹೆಣ್ಣೋ, ಯಾರ ಮಗು, ಯಾವ ಜನಾಂಗ, ಎಷ್ಟು ವಯಸ್ಸು. ಪಠ್ಯಗಳಲ್ಲಿ ಇದಕ್ಕೆ ಆರೋಪಿತ ಅಂತಲೋ ಅರ್ಪಿತ ಅಂತಲೋ ಹೆಸರು. ಇನ್ನು ಕೆಲವನ್ನು ನಾವು ಓದಿ, ದುಡಿದು, ಆರಿಸಿಕೊಂಡು ಪಡೆಯುತ್ತೇವೆ. ಎಂಜಿನಿಯರ್, ಕ್ಯಾಪ್ಟನ್, ಹೆಂಡತಿ, ಗಂಡ. ಇವು ಸಾಧಿತ ಅಂತಸ್ತು. ಸಾಧಿತ ಅಂದ ಕೂಡಲೇ ಒಳ್ಳೆಯದೇ ಆಗಬೇಕು ಅಂತಿಲ್ಲ. ಕಳ್ಳ ಅನ್ನೋದೂ ಸಾಧಿತವೇ.

ಓದುವಾಗ ಸುಲಭ ಅನ್ನಿಸುತ್ತದೆ. ಬದುಕಿನಲ್ಲಿ ಇವೆರಡರ ನಡುವಿನ ಗೆರೆ ಅಷ್ಟು ನೇರವಾಗಿಲ್ಲ. ಡಾಕ್ಟರ ಮಗಳು ಡಾಕ್ಟರಾದರೆ ಅದು ಪೂರ್ತಿ ಅವಳ ಗಳಿಕೆಯಾ? ಪರೀಕ್ಷೆ ಬರೆದದ್ದು ಅವಳೇ, ನಿದ್ದೆಗೆಟ್ಟದ್ದೂ ಅವಳೇ. ಆದರೆ ಮನೆ ತುಂಬ ಪುಸ್ತಕ ಇತ್ತು, ಅನುಮಾನ ಬಂದರೆ ಕೇಳಲು ಅಪ್ಪ ಇದ್ದರು, ಶುಲ್ಕದ ಚಿಂತೆ ಇರಲಿಲ್ಲ. ಹುಟ್ಟಿನ ಜಾಗ ಅವಳ ಗಳಿಕೆಗೆ ಮೆಟ್ಟಿಲು ಕಟ್ಟಿಕೊಟ್ಟಿತು. ಅಷ್ಟೇ ಜಾಣೆಯಾದ ಇನ್ನೊಬ್ಬ ಹುಡುಗಿ ಆ ಮೆಟ್ಟಿಲನ್ನು ತಾನೇ ಕಟ್ಟಿಕೊಂಡು ಹತ್ತಬೇಕು.

ಹುಟ್ಟು ಎಷ್ಟರ ಮಟ್ಟಿಗೆ ತೀರ್ಮಾನ ಮಾಡುತ್ತದೆ ಅನ್ನೋದನ್ನು ಹಿಂದೆಲ್ಲ ಕಾನೂನೇ ಹೇಳುತ್ತಿತ್ತು. ಇಂಗ್ಲೆಂಡಿನಲ್ಲಿ 1363ರಲ್ಲಿ ಯಾವ ದರ್ಜೆಯವರು ಎಂಥ ಬಟ್ಟೆ ಹಾಕಬಹುದು ಎಂದು ಕಾಯಿದೆ ಬಂತು. ಫ್ರಾನ್ಸಿನಲ್ಲಿ ಜನ ಮೂರು ವರ್ಗಗಳಲ್ಲಿ ಹಂಚಿಹೋಗಿದ್ದರು, ಪಾದ್ರಿಗಳು, ಕುಲೀನ ಮನೆತನದವರು, ಉಳಿದವರೆಲ್ಲ. 1789ರ ಕ್ರಾಂತಿ ಶುರುವಾದ ಮೇಲೆ, 1790ರ ಜೂನ್‌ನಲ್ಲಿ, ವಂಶದಿಂದ ಬರುವ ಕುಲೀನ ಪದವಿಗಳನ್ನೇ ಅಲ್ಲಿ ರದ್ದು ಮಾಡಿದರು. ಜಾತಿಯಂಥ ವ್ಯವಸ್ಥೆಯಲ್ಲಿ ಹುಟ್ಟಿದ ಕೂಡಲೇ ಮದುವೆ, ಕಸುಬು, ಮರ್ಯಾದೆ ಎಲ್ಲಕ್ಕೂ ಗೆರೆ ಬಿದ್ದಿರುತ್ತದೆ. ಕಾನೂನು ಆ ಗೆರೆಯನ್ನು ಅಳಿಸಿದ ಮೇಲೂ ಜನರ ಮನಸ್ಸಿನಲ್ಲಿ ಅದು ಬಹಳ ಕಾಲ ಉಳಿಯುತ್ತದೆ.

## ಉಳಿದದ್ದನ್ನೆಲ್ಲ ಮುಚ್ಚಿಬಿಡುವ ಒಂದು

ಒಬ್ಬರಿಗೆ ಹತ್ತಾರು ಅಂತಸ್ತು ಇದ್ದರೂ ಕೆಲವೊಮ್ಮೆ ಒಂದೇ ಒಂದು ಎದ್ದು ನಿಂತು ಉಳಿದದ್ದನ್ನೆಲ್ಲ ಮರೆಮಾಡುತ್ತದೆ. ಇದು ಪ್ರಧಾನ ಅಂತಸ್ತು. ಸಮಾಜಶಾಸ್ತ್ರಜ್ಞ ಎವರೆಟ್ ಹ್ಯೂಸ್ 1945ರಲ್ಲಿ ಅಮೆರಿಕದ ಕಪ್ಪು ಡಾಕ್ಟರ ಉದಾಹರಣೆ ಕೊಟ್ಟು ಇದನ್ನು ವಿವರಿಸಿದರು. ಡಾಕ್ಟರು ಎಂದರೆ ಗೌರವ. ಕಪ್ಪು ಜನರನ್ನು ಕೀಳಾಗಿ ಕಾಣುತ್ತಿದ್ದ ಸಮಾಜ ಅದು. ಅಂಥ ಡಾಕ್ಟರು ಎದುರಿಗೆ ಬಂದಾಗ ಬಿಳಿಯ ರೋಗಿ ಅವರನ್ನು ಡಾಕ್ಟರು ಅಂತ ನೋಡಬೇಕೋ ಕಪ್ಪು ಮನುಷ್ಯ ಅಂತ ನೋಡಬೇಕೋ ಎಂದು ತಡಬಡಾಯಿಸುತ್ತಿದ್ದ, ಬಹಳಷ್ಟು ಸಲ ಬಣ್ಣವೇ ಗೆಲ್ಲುತ್ತಿತ್ತು. ಶಿಕ್ಷೆ ಮುಗಿಸಿ ಬಂದವರು, ಗಾಲಿಕುರ್ಚಿಯಲ್ಲಿ ಓಡಾಡುವವರು ಇವರೆಲ್ಲ ಇದನ್ನು ದಿನಾ ಅನುಭವಿಸುತ್ತಾರೆ. ಅವರು ಒಳ್ಳೆಯ ಬಡಗಿ, ಒಳ್ಳೆಯ ಅಪ್ಪ, ಒಳ್ಳೆಯ ಹಾಡುಗಾರ ಆಗಿರಬಹುದು. ಎದುರಿನವರ ಕಣ್ಣು ಅಲ್ಲಿಗೆ ಹೋಗುವುದೇ ಇಲ್ಲ.

ಇಲ್ಲಿ ಇನ್ನೊಂದು ಮಾತು. ದುಡ್ಡು, ಗೌರವ, ಅಧಿಕಾರ ಈ ಮೂರನ್ನೂ ನಾವು ಒಂದೇ ಎಂದುಕೊಳ್ಳುತ್ತೇವೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಇವನ್ನು ಬೇರೆ ಬೇರೆ ನೋಡಬೇಕು ಎಂದರು. ಲಾಟರಿ ಹೊಡೆದವರ ಹತ್ತಿರ ದುಡ್ಡಿದೆ, ಅದರಿಂದಲೇ ಗೌರವ ಬರುವುದಿಲ್ಲ. ಹಳೆಯ ಮೇಷ್ಟ್ರ ಹತ್ತಿರ ಗೌರವ ಇದೆ, ದುಡ್ಡಿಲ್ಲ. ಕಚೇರಿಯ ಗುಮಾಸ್ತರಿಗೆ ಎರಡೂ ಅಷ್ಟಕ್ಕಷ್ಟೇ, ಆದರೆ ಫೈಲು ಮುಂದೆ ಹೋಗೋದು ಅವರ ಕೈಯಿಂದಲೇ. ಒಬ್ಬರಲ್ಲೇ ಈ ಮೂರೂ ಒಂದೊಂದು ಎತ್ತರದಲ್ಲಿ ಇದ್ದರೆ ಅದಕ್ಕೆ ಅಂತಸ್ತಿನ ಅಸಂಗತತೆ ಅಂತ ಹೆಸರು. ಪಿಎಚ್‌ಡಿ ಮಾಡಿ ಟ್ಯಾಕ್ಸಿ ಓಡಿಸುವವರನ್ನು ಕೇಳಿದರೆ ಅದು ಎಲ್ಲಿ ಚುಚ್ಚುತ್ತದೆ ಅಂತ ಹೇಳುತ್ತಾರೆ.

## ಸಮಾಜಗಳನ್ನು ವಿಂಗಡಿಸುವ ದಾರಿಗಳು

ಈ ಸೀಟುಗಳನ್ನೆಲ್ಲ ಯಾರು ಮಾಡಿದರು? ಎಲ್ಲ ಕಾಲದಲ್ಲೂ ಎಲ್ಲ ಕಡೆಯೂ ಇವೇ ಇದ್ದವಾ? ಇಲ್ಲಿಂದ ಎರಡನೇ ಅಧ್ಯಾಯ ಶುರು.

ಜರ್ಮನಿಯ ಫರ್ಡಿನಾಂಡ್ ಟೋನಿಸ್ 1887ರಲ್ಲಿ ಸಮಾಜವನ್ನು ಎರಡು ಬಗೆ ಮಾಡಿದರು. ಒಂದು, ಎಲ್ಲರೂ ಎಲ್ಲರಿಗೂ ಗೊತ್ತಿರುವ, ನೆಂಟಸ್ತಿಕೆ-ನೆರೆಹೊರೆಯ ಬದುಕು. ಇನ್ನೊಂದು, ಕೆಲಸಕ್ಕೆ ಬೇಕಾದಷ್ಟೇ ಸಂಬಂಧ ಇಟ್ಟುಕೊಳ್ಳುವ, ಒಪ್ಪಂದದ ಮೇಲೆ ನಡೆಯುವ ಬದುಕು. ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್ 1893ರಲ್ಲಿ ಜನರನ್ನು ಒಟ್ಟಿಗೆ ಹಿಡಿದಿಡುವುದು ಯಾವುದು ಎಂದು ಕೇಳಿದರು. ಹಳೆಯ ಸಣ್ಣ ಸಮಾಜದಲ್ಲಿ ಎಲ್ಲರೂ ಒಂದೇ ಥರದ ಕೆಲಸ ಮಾಡುತ್ತಾರೆ, ಒಂದೇ ಥರ ನಂಬುತ್ತಾರೆ, ಆ ಹೋಲಿಕೆಯೇ ಅವರನ್ನು ಕಟ್ಟುತ್ತದೆ. ಇದಕ್ಕೆ ಅವರು ಯಾಂತ್ರಿಕ ಐಕ್ಯತೆ ಅಂದರು. ದೊಡ್ಡ ಸಮಾಜದಲ್ಲಿ ಒಬ್ಬೊಬ್ಬರ ಕೆಲಸ ಒಂದೊಂದು, ಹಾಗಾಗಿ ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಆಗುವುದಿಲ್ಲ. ದೇಹದಲ್ಲಿ ಹೃದಯ, ಶ್ವಾಸಕೋಶ ಇದ್ದ ಹಾಗೆ. ಇದು ಸಾವಯವ ಐಕ್ಯತೆ. ಯಂತ್ರದ ಹೆಸರು ಹಳೆಯದಕ್ಕೆ, ದೇಹದ ಹೆಸರು ಹೊಸದಕ್ಕೆ ಇಟ್ಟಿರೋದರಿಂದ ತುಂಬ ವಿದ್ಯಾರ್ಥಿಗಳು ಇಲ್ಲಿ ಅದಲುಬದಲು ಮಾಡಿಕೊಳ್ಳುತ್ತಾರೆ.

ಹೊಟ್ಟೆಪಾಡಿನ ಮೇಲೆ ಸಮಾಜವನ್ನು ವಿಂಗಡಿಸುವ ದಾರಿ ಅಮೆರಿಕದ ಗೆರ್ಹಾರ್ಡ್ ಲೆನ್‌ಸ್ಕಿ ಅವರಿಂದ ಹೆಸರುವಾಸಿಯಾಯಿತು. ಜನ ಊಟವನ್ನು ಹೇಗೆ ಹೊಂದಿಸಿಕೊಳ್ಳುತ್ತಾರೆ, ಅದಕ್ಕೆ ಎಂಥ ಸಲಕರಣೆ ಬಳಸುತ್ತಾರೆ, ತಿಂದು ಎಷ್ಟು ಉಳಿಯುತ್ತದೆ, ಉಳಿದದ್ದನ್ನು ಯಾರು ಇಟ್ಟುಕೊಳ್ಳುತ್ತಾರೆ. ಈ ಕೊನೆಯ ಪ್ರಶ್ನೆಯನ್ನು ಹಿಡಿದುಕೊಂಡು ಹೊರಟರೆ ದಾರಿ ತಪ್ಪುವುದಿಲ್ಲ.

## ಹೊತ್ತುಕೊಂಡು ಹೋಗುವಷ್ಟೇ ಆಸ್ತಿ

ಮನುಷ್ಯರ ಇತಿಹಾಸದ ಬಹುಪಾಲು ಕಾಲ ಬೇಟೆ ಮತ್ತು ಆಹಾರ ಸಂಗ್ರಹಣೆಯಲ್ಲೇ ಕಳೆದಿದೆ. ಸಣ್ಣ ಸಣ್ಣ ತಂಡ, ಸಾಮಾನ್ಯವಾಗಿ ಕೆಲವು ಹತ್ತು ಜನ. ಒಂದು ಕಡೆ ಗೆಡ್ಡೆ, ಹಣ್ಣು, ಪ್ರಾಣಿ ಮುಗಿದರೆ ಇನ್ನೊಂದು ಕಡೆಗೆ ಹೊರಡಬೇಕು. ಹೆಗಲ ಮೇಲೆ ಹೊರಲು ಆಗದ ವಸ್ತು ಆಸ್ತಿಯಾಗಲು ಸಾಧ್ಯವೇ ಇಲ್ಲ. ಆದ್ದರಿಂದ ಅಲ್ಲಿ ಸೀಟುಗಳೂ ಕಡಿಮೆ. ವಯಸ್ಸು, ಗಂಡು-ಹೆಣ್ಣು, ನೆಂಟಸ್ತಿಕೆ, ಮತ್ತೆ ಒಳ್ಳೆಯ ಬೇಟೆಗಾರ ಅನ್ನೋ ಹೆಸರು.

ಆ ಹೆಸರು ತಲೆಗೇರದಂತೆಯೂ ನೋಡಿಕೊಳ್ಳುತ್ತಾರೆ. ಆಫ್ರಿಕಾ ಖಂಡದ ದಕ್ಷಿಣ ಭಾಗದ ಕಲಹಾರಿ ಮರುಭೂಮಿಯಲ್ಲಿ ಕುಂಗ್ ಎಂದು ಕರೆಯುವ ಜನರ ಜೊತೆ 1960ರ ದಶಕದಲ್ಲಿ ರಿಚರ್ಡ್ ಲೀ ಅನ್ನೋ ಮಾನವಶಾಸ್ತ್ರಜ್ಞ ಇದ್ದರು. ಕ್ರಿಸ್‌ಮಸ್ ಹಬ್ಬಕ್ಕೆ ಎಲ್ಲರಿಗೂ ಊಟ ಹಾಕೋಣ ಎಂದು ಅವರು ಒಂದು ಭಾರಿ ಎತ್ತನ್ನು ಕೊಂಡರು. ಬಂದವರೆಲ್ಲ ಅದನ್ನು ನೋಡಿ, ಇದೇನು ಬರೀ ಮೂಳೆಚಕ್ಕಳ, ಇದರಲ್ಲಿ ಯಾರ ಹೊಟ್ಟೆ ತುಂಬುತ್ತದೆ, ಕೊಂಬು ತಿನ್ನಬೇಕಾ ಅಂತ ದಿನಗಟ್ಟಲೆ ಹೀಗಳೆದರು. ಲೀ ಕಂಗಾಲಾದರು. ಹಬ್ಬದ ದಿನ ಕೊಯ್ದಾಗ ನೋಡಿದರೆ ದಪ್ಪನೆಯ ಕೊಬ್ಬು, ಎಲ್ಲರಿಗೂ ಸಾಕಾಗಿ ಮಿಕ್ಕಿತು. ಆಮೇಲೆ ಆ ಕುಂಗ್ ಜನರೇ ಲೀ ಅವರಿಗೆ ಬಿಡಿಸಿ ಹೇಳಿದರು. ಹುಡುಗನೊಬ್ಬ ದೊಡ್ಡ ಬೇಟೆ ಹೊಡೆದರೆ ತಾನೇ ನಾಯಕ, ಉಳಿದವರೆಲ್ಲ ತನ್ನ ಆಳುಗಳು ಅಂದುಕೊಳ್ಳಲು ಶುರು ಮಾಡುತ್ತಾನೆ. ಅಂಥ ಹೆಮ್ಮೆ ಒಂದು ದಿನ ಯಾರನ್ನಾದರೂ ಕೊಲ್ಲಿಸುತ್ತದೆ. ಅದಕ್ಕೇ ಅವನ ಮಾಂಸವನ್ನು ಹೀಗಳೆದು ಅವನ ಎದೆಯನ್ನು ತಣ್ಣಗೆ ಮಾಡುತ್ತೇವೆ.

ಅಷ್ಟಕ್ಕೇ ಬಿಡುವುದಿಲ್ಲ. ಅವರಲ್ಲಿ ಮಾಂಸ ಹಂಚುವ ಹಕ್ಕು ಹೊಡೆದವನಿಗಿಂತ ಬಾಣದ ಒಡೆಯನಿಗೆ ಸೇರುತ್ತದೆ, ಬಾಣಗಳನ್ನೋ ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುತ್ತಲೇ ಇರುತ್ತಾರೆ. ಸಮಾನತೆ ಅಲ್ಲಿ ತನ್ನಷ್ಟಕ್ಕೆ ಬಂದದ್ದಲ್ಲ ಅಂತ ಇದರಿಂದ ಕಾಣುತ್ತದೆ. ದಿನಾ ಕಷ್ಟಪಟ್ಟು ಕಾಪಾಡಿಕೊಂಡದ್ದು ಅದು.

ಇದಕ್ಕೆ ಒಂದು ಅಪವಾದ ಇದೆ, ಮತ್ತು ಅದು ವಿಷಯವನ್ನು ಇನ್ನೂ ಚೆನ್ನಾಗಿ ಬಿಡಿಸುತ್ತದೆ. ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಜನ ಬೇಸಾಯ ಮಾಡುತ್ತಿರಲಿಲ್ಲ. ಆದರೂ ಅವರಲ್ಲಿ ಕುಲೀನರು, ಸಾಮಾನ್ಯರು, ಗುಲಾಮರು ಎಂಬ ಮೇಲು-ಕೀಳು ಇತ್ತು. ಕಾರಣ ಸಾಲ್ಮನ್ ಮೀನು. ಪ್ರತಿ ವರ್ಷ ನದಿಗೆ ರಾಶಿ ರಾಶಿ ಮೀನು ಬರುತ್ತಿತ್ತು, ಅದನ್ನು ಒಣಗಿಸಿ ಇಡಬಹುದಿತ್ತು, ಹಾಗಾಗಿ ಒಂದೇ ಕಡೆ ನೆಲೆ ನಿಲ್ಲಬಹುದಿತ್ತು. ಕೂಡಿಡಲು ಆಯಿತು ಅಂದ ಮೇಲೆ, ಕೂಡಿಟ್ಟದ್ದು ಯಾರದು ಅನ್ನೋ ಪ್ರಶ್ನೆ ಬಂತು.

## ದನ ಮತ್ತು ಗುದ್ದಲಿ

ಸುಮಾರು 10ರಿಂದ 12 ಸಾವಿರ ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಜನ ಬೀಜ ಬಿತ್ತಲು, ಪ್ರಾಣಿ ಸಾಕಲು ಶುರು ಮಾಡಿದರು. ಮುಂದೆ ಬೇರೆ ಕಡೆಗಳಲ್ಲೂ ಸ್ವತಂತ್ರವಾಗಿ ಇದು ನಡೆಯಿತು.

ಪಶುಪಾಲನೆಯ ಸಮಾಜದಲ್ಲಿ ಆಸ್ತಿಗೆ ಕಾಲಿರುತ್ತದೆ. ತಾನೇ ನಡೆಯುತ್ತದೆ, ಮರಿ ಹಾಕುತ್ತದೆ, ಅಪ್ಪನಿಂದ ಮಗನಿಗೆ ಹೋಗುತ್ತದೆ. ಹಿಂಡು ದೊಡ್ಡದಿದ್ದವರ ಮಾತು ನಡೆಯುತ್ತದೆ. ಕೆನ್ಯಾ ಮತ್ತು ತಾಂಜಾನಿಯಾದ ಮಾಸಾಯಿಗಳಲ್ಲಿ ಇದರ ಜೊತೆಗೆ ಇನ್ನೊಂದು ಏರ್ಪಾಡಿದೆ. ಒಂದೇ ಪ್ರಾಯದ ಹುಡುಗರೆಲ್ಲ ಒಂದು ತಂಡವಾಗಿ ಸೇರಿ, ಒಟ್ಟಿಗೆ ಯೋಧರಾಗುತ್ತಾರೆ, ಒಟ್ಟಿಗೆ ಹಿರಿಯರಾಗುತ್ತಾರೆ. ಕುರ್ಚಿ ಬದಲಾಗುತ್ತಾ ಹೋಗುತ್ತದೆ, ಪಕ್ಕದಲ್ಲಿ ಕೂತವರು ಮಾತ್ರ ಅವರೇ.

ನೇಗಿಲಿಲ್ಲದೆ ಗುದ್ದಲಿ, ಕೋಲು ಹಿಡಿದು ಸಣ್ಣ ಜಾಗದಲ್ಲಿ ಬೆಳೆಯುವುದನ್ನು ಪಠ್ಯಗಳು ತೋಟಗಾರಿಕಾ ಸಮಾಜ ಅನ್ನುತ್ತವೆ. ಇಲ್ಲಿ ಶಾಂತಸಾಗರದ ದ್ವೀಪಗಳ ಒಂದು ಹೋಲಿಕೆ ಇದೆ, ಮಾನವಶಾಸ್ತ್ರಜ್ಞ ಮಾರ್ಷಲ್ ಸಾಲಿನ್ಸ್ 1963ರಲ್ಲಿ ಮಾಡಿದ್ದು. ಮೆಲನೇಷಿಯಾದಲ್ಲಿ ನಾಯಕನಾಗಬೇಕಾದರೆ ಹಂದಿ, ಗೆಣಸು ಕೂಡಿಹಾಕಿ ಎಲ್ಲರಿಗೂ ಧಾರಾಳವಾಗಿ ಹಂಚಬೇಕು. ಹಂಚುವುದು ನಿಂತರೆ ನಾಯಕತ್ವವೂ ಹೋಯಿತು. ಪಾಲಿನೇಷಿಯಾದಲ್ಲಿ ನಾಯಕತ್ವ ವಂಶದಿಂದ ಬರುತ್ತದೆ, ಆ ಹುದ್ದೆ ಅವನಿಗಾಗಿ ಮೊದಲೇ ಕಾದಿರುತ್ತದೆ. ಸಾಧಿತ, ಆರೋಪಿತ ಎಂದು ಮೇಲೆ ಓದಿದೆವಲ್ಲ, ಅದೇ ಇಲ್ಲಿ ಎರಡು ದ್ವೀಪಸಮೂಹವಾಗಿ ಎದುರು ನಿಂತಿದೆ.

## ಕಣಜ ತುಂಬಿದ ಮೇಲೆ

ನೇಗಿಲಿಗೆ ಎತ್ತು ಕಟ್ಟಿದಾಗ, ಕಾಲುವೆಯಲ್ಲಿ ನೀರು ಹರಿಸಿದಾಗ ಒಬ್ಬ ರೈತನ ದುಡಿಮೆ ಅವನ ಮನೆಗಿಂತ ಹೆಚ್ಚು ಜನಕ್ಕೆ ಅನ್ನ ಹಾಕಲು ಶುರುವಾಯಿತು. ಮಿಕ್ಕ ಕಾಳು ಕಣಜ ಸೇರಿತು. ಕಣಜಕ್ಕೆ ಕಾವಲುಗಾರ ಬೇಕು, ಲೆಕ್ಕ ಬರೆಯುವವ ಬೇಕು, ತೆರಿಗೆ ವಸೂಲಿ ಮಾಡುವವ, ಪೂಜಾರಿ, ಸೈನಿಕ, ಇವರೆಲ್ಲರ ಮೇಲೊಬ್ಬ ಅರಸ. ಹೊಲದಲ್ಲಿ ದುಡಿಯದೆ ಊಟ ಮಾಡುವ ಸೀಟುಗಳು ಒಂದರ ಹಿಂದೆ ಒಂದು ಹುಟ್ಟಿಕೊಂಡವು.

ಈಗಿನ ಇರಾಕ್‌ನಲ್ಲಿದ್ದ ಉರುಕ್ ಪಟ್ಟಣದಲ್ಲಿ ಸುಮಾರು 5000 ವರ್ಷಗಳ ಹಿಂದಿನ ಮಣ್ಣಿನ ಹಲಗೆಗಳು ಸಿಕ್ಕಿವೆ. ಜಗತ್ತಿನ ಅತಿ ಹಳೆಯ ಬರವಣಿಗೆಯಲ್ಲಿ ಅವೂ ಸೇರಿವೆ. ಹೆಚ್ಚಿನವು ಕಾಳುಕಡಿ, ಕುರಿಗಳ ಲೆಕ್ಕ. ಅವುಗಳ ಜೊತೆ ಒಂದು ಪಟ್ಟಿ ಇದೆ, ನೂರಕ್ಕೂ ಹೆಚ್ಚು ಹುದ್ದೆಗಳ ಪಟ್ಟಿ, ದೊಡ್ಡ ಹುದ್ದೆಯಿಂದ ಶುರುವಾಗಿ ಕೆಳಗೆ ಇಳಿಯುತ್ತದೆ ಎಂದು ವಿದ್ವಾಂಸರು ಓದುತ್ತಾರೆ. ಅದನ್ನು ಲಿಪಿಕಾರರು ನೂರಾರು ವರ್ಷ ಮತ್ತೆ ಮತ್ತೆ ನಕಲು ಮಾಡಿ ಕಲಿತರು. ಮನುಷ್ಯ ಬರೆಯಲು ಕಲಿತ ಹೊಸದರಲ್ಲೇ ಬರೆದಿಟ್ಟದ್ದರಲ್ಲಿ ಒಂದು, ಯಾರು ಯಾರಿಗಿಂತ ಮೇಲೆ ಅನ್ನೋದು! ಈ ಪಟ್ಟಿಯ ವಿಷಯ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಕೃಷಿ ಸಮಾಜದಲ್ಲಿ ಆಸ್ತಿ ಎಂದರೆ ಭೂಮಿ. ಭೂಮಿ ಅಲುಗಾಡುವುದಿಲ್ಲ, ವಂಶದಲ್ಲಿ ಉಳಿಯುತ್ತದೆ, ಹಾಗಾಗಿ ಹುಟ್ಟು ಎಲ್ಲವನ್ನೂ ತೀರ್ಮಾನ ಮಾಡುವ ಮಟ್ಟಕ್ಕೆ ಬಂತು. ಇಂಥ ಸಮಾಜಗಳಲ್ಲಿ ಆಳುವ ವರ್ಗ ಒಟ್ಟು ಜನರಲ್ಲಿ ನೂರಕ್ಕೆ 2ನ್ನು ದಾಟಿದ್ದು ಅಪರೂಪ, ಆದರೂ ಆದಾಯದ ಬಹುದೊಡ್ಡ ಪಾಲು ಅವರಿಗೇ ಹೋಗುತ್ತಿತ್ತು ಎಂದು ಲೆನ್‌ಸ್ಕಿ 1966ರಲ್ಲಿ ಬರೆದರು. ಬೇಟೆಯ ಕಾಲದಿಂದ ಇಲ್ಲಿವರೆಗೆ ಅಸಮಾನತೆ ಏರುತ್ತಲೇ ಬಂತು, ಕೈಗಾರಿಕೆ ಬಂದ ಮೇಲೆ ಸ್ವಲ್ಪ ಇಳಿಯಿತು ಅನ್ನೋದು ಅವರ ವಾದ.

## ಕಾರ್ಖಾನೆ ಹುಟ್ಟಿಸಿದ ಹೊಸ ಜಾಗಗಳು

ಜೇಮ್ಸ್ ವಾಟ್ ಸುಧಾರಿಸಿದ ಉಗಿಯಂತ್ರಕ್ಕೆ 1769ರಲ್ಲಿ ಪೇಟೆಂಟ್ ಸಿಕ್ಕಿತು. 1851ರ ಜನಗಣತಿ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಳ್ಳಿಗಿಂತ ಪಟ್ಟಣದಲ್ಲಿ ಇರುವವರೇ ಜಾಸ್ತಿಯಾಗಿದ್ದರು. ದುಡಿಮೆ ಮನೆಯಿಂದ ಹೊರಗೆ ಹೋಯಿತು. ಯಂತ್ರ ನಡೆಸುವವನ ಅಪ್ಪ ಯಾರು ಅಂತ ಯಂತ್ರ ಕೇಳುವುದಿಲ್ಲ, ಅದಕ್ಕೆ ಬೇಕಾದ್ದು ಕೆಲಸ ಬರುವ ಕೈ. ಹೀಗೆ ಸಾಧಿತ ಅಂತಸ್ತಿಗೆ ಬೆಲೆ ಏರಿತು.

ನಾವು ಎಂದಿನಿಂದಲೂ ಇದ್ದವು ಎಂದುಕೊಂಡಿರುವ ಎಷ್ಟೋ ಸೀಟುಗಳು ಈ ಕಾಲದ್ದು. ವಿದ್ಯಾರ್ಥಿ ಅನ್ನೋದನ್ನೇ ನೋಡಿ. ಓದುವ ಮಕ್ಕಳು ಹಿಂದೆಯೂ ಇದ್ದರು, ಆದರೆ ಎಲ್ಲರ ಮನೆಯ ಎಲ್ಲ ಮಕ್ಕಳೂ ಅಲ್ಲ. ಬ್ರಿಟನ್ನಿನ 1833ರ ಕಾರ್ಖಾನೆ ಕಾಯಿದೆ 9 ವರ್ಷದ ಒಳಗಿನ ಮಕ್ಕಳನ್ನು ಬಟ್ಟೆ ಗಿರಣಿಗಳಲ್ಲಿ ದುಡಿಸಬಾರದು ಎಂದಿತು. 1880ರಲ್ಲಿ ಇಂಗ್ಲೆಂಡಿನಲ್ಲಿ 5ರಿಂದ 10 ವರ್ಷದ ಮಕ್ಕಳಿಗೆ ಶಾಲೆ ಕಡ್ಡಾಯವಾಯಿತು. ಆ 47 ವರ್ಷಗಳ ನಡುವೆ ಮಗು ಅನ್ನೋ ಜಾಗದ ಹಕ್ಕು-ಕರ್ತವ್ಯ ತಲೆಕೆಳಗಾಯಿತು. ದುಡಿಯುವುದು ಕರ್ತವ್ಯವಾಗಿತ್ತು, ಓದುವುದು ಕರ್ತವ್ಯವಾಯಿತು.

ನಿವೃತ್ತರು ಅನ್ನೋದೂ ಹಾಗೆಯೇ. ಹೊಲದಲ್ಲಿ ಮುದುಕರಾದರೆ ಭಾರದ ಕೆಲಸ ಬಿಟ್ಟು ಹಗುರದ್ದು ಮಾಡುತ್ತಿದ್ದರು, ಇಂಥ ದಿನದಿಂದ ನೀವು ದುಡಿಯುವವರಲ್ಲ ಅಂತ ಯಾರೂ ಹೇಳುತ್ತಿರಲಿಲ್ಲ. ಜರ್ಮನಿಯಲ್ಲಿ 1889ರಲ್ಲಿ ಬಿಸ್ಮಾರ್ಕ್ ಸರ್ಕಾರ ವೃದ್ಧಾಪ್ಯ ಪಿಂಚಣಿಯ ಕಾನೂನು ಮಾಡಿ 70 ವರ್ಷ ಎಂಬ ಗೆರೆ ಎಳೆಯಿತು. ಮುಂದೆ ಒಂದೊಂದು ದೇಶವೂ ತನ್ನದೊಂದು ಗೆರೆ ಎಳೆದುಕೊಂಡಿತು. ಗೃಹಿಣಿ, ನಿರುದ್ಯೋಗಿ ಅನ್ನೋ ಪದಗಳಿಗೂ ಈಗಿನ ಅರ್ಥ ಬಂದದ್ದು ಸಂಬಳದ ಕೆಲಸ ಎಲ್ಲದರ ಅಳತೆಗೋಲಾದ ಮೇಲೆ. ಮನೆಯ ದುಡಿಮೆಗೆ ಸಂಬಳದ ಚೀಟಿ ಇಲ್ಲ, ಅದಕ್ಕೇ ಅರ್ಜಿಯ ಉದ್ಯೋಗದ ಖಾನೆ ಅಂಥವರನ್ನು ಕಂಡು ತಬ್ಬಿಬ್ಬಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಪ್ರಕಾರಗಳನ್ನು ಸಾಲಾಗಿ ಓದುವಾಗ ಮೆಟ್ಟಿಲ ಹಾಗೆ ಕಾಣುತ್ತವೆ, ಮೇಲಿನದು ಮುಂದುವರಿದದ್ದು, ಕೆಳಗಿನದು ಹಿಂದುಳಿದದ್ದು ಅಂತ. ಹಾಗೆ ಓದಬೇಡಿ. ಕುಂಗ್ ಜನರ ಬಾಣದ ಲೆಕ್ಕಾಚಾರದಲ್ಲಿ ಇರುವ ಬುದ್ಧಿ ಯಾವ ಕಾರ್ಖಾನೆಯ ಲೆಕ್ಕಾಚಾರಕ್ಕೂ ಕಡಿಮೆಯದಲ್ಲ. ಜೊತೆಗೆ ಒಂದೇ ದೇಶದಲ್ಲಿ ದನ ಕಾಯುವವರು, ಉಳುವವರು, ಗಿರಣಿಯವರು, ಸಾಫ್ಟ್‌ವೇರ್ ಬರೆಯುವವರು ಎಲ್ಲರೂ ಒಟ್ಟಿಗೆ ಇರುತ್ತಾರೆ, ಕೆಲವೊಮ್ಮೆ ಒಂದೇ ಮನೆಯಲ್ಲೂ.

## ಈಗ ನಾವಿರುವುದು ಎಲ್ಲಿ

ಅಮೆರಿಕದ ಡೇನಿಯಲ್ ಬೆಲ್ 1973ರಲ್ಲಿ ಕೈಗಾರಿಕೋತ್ತರ ಸಮಾಜದ ಬಗ್ಗೆ ಬರೆದರು. ವಸ್ತು ತಯಾರಿಸುವವರಿಗಿಂತ ಸೇವೆ ಕೊಡುವವರು, ಮಾಹಿತಿ ನೋಡಿಕೊಳ್ಳುವವರು ಹೆಚ್ಚಾಗುವ ಸಮಾಜ ಅದು. ಅಮೆರಿಕದಲ್ಲಿ ಮೇಜಿನ ಮುಂದೆ ಕೂತು ಮಾಡುವ ಕೆಲಸದವರ ಸಂಖ್ಯೆ ಕೈಕೆಲಸದವರನ್ನು ದಾಟಿದ್ದು 1956ರಲ್ಲಿ ಎಂದು ಅವರು ಗುರುತಿಸಿದ್ದರು. ಇಲ್ಲಿ ಕೂಡಿಡುವ ಆಸ್ತಿ ಎಂದರೆ ತಿಳಿವಳಿಕೆ, ಅದಕ್ಕೆ ಸಾಕ್ಷಿಯಾಗಿ ಪದವಿ ಪತ್ರ. ಹಿಂದೆ ಕಣಜಕ್ಕೆ ಬೀಗ ಹಾಕುತ್ತಿದ್ದರು, ಈಗ ದತ್ತಾಂಶಕ್ಕೆ ಹಾಕುತ್ತಾರೆ. ಬೀಗದ ಕೈ ಯಾರ ಹತ್ತಿರ ಅನ್ನೋ ಪ್ರಶ್ನೆ ಮಾತ್ರ ಹಳೆಯದೇ.

ಬದಲಾವಣೆಯ ಕಾಲದಲ್ಲಿ ಸೀಟುಗಳ ಹೆಸರು ಹಿಂದೆ ಬೀಳುತ್ತದೆ. ಕೆಲಸ ಶುರುವಾಗಿರುತ್ತದೆ, ಅದರ ಹಕ್ಕೇನು, ಕರ್ತವ್ಯವೇನು ಅನ್ನೋದು ಇನ್ನೂ ಗೊತ್ತಾಗಿರುವುದಿಲ್ಲ. ಆ್ಯಪ್ ನೋಡಿ ಗಾಡಿ ಓಡಿಸುವ ಹುಡುಗ ಇರುವುದು ಅಲ್ಲೇ. ಕಂಪನಿ ಅವನನ್ನು ಪಾಲುದಾರ ಅನ್ನುತ್ತದೆ, ಸ್ವಂತ ಉದ್ಯೋಗಿ ಅನ್ನುತ್ತದೆ. ಅವನೋ ರಜೆ ಕೇಳಲು ಯಾರ ಹತ್ತಿರ ಹೋಗಬೇಕು ಅಂತಲೂ ತಿಳಿಯದೆ ಕೂತಿರುತ್ತಾನೆ.

ಬ್ರಿಟನ್ನಿನಲ್ಲಿ ಇದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಟ್ಯಾಕ್ಸಿ ಆ್ಯಪ್ ಒಂದರ ಚಾಲಕರು, ನಾವು ಸ್ವಂತ ಉದ್ಯೋಗಿಗಳಾ, ಅಲ್ಲ ಕಂಪನಿಯ ಕೆಲಸಗಾರರಾ ಎಂದು ಕೇಳಿದ್ದರು. 2021ರ ಫೆಬ್ರವರಿ 19ರಂದು ತೀರ್ಪು ಬಂತು. ಒಪ್ಪಂದದ ಹಾಳೆಯಲ್ಲಿ ಏನು ಬರೆದಿದೆ ಅನ್ನೋದೊಂದನ್ನೇ ನೋಡಿ ನ್ಯಾಯಾಧೀಶರು ನಿಲ್ಲಲಿಲ್ಲ. ಬಾಡಿಗೆ ಎಷ್ಟು ಅಂತ ಹೇಳುವವರು ಯಾರು? ಕಂಪನಿ. ಷರತ್ತು ಹಾಕುವವರು? ಕಂಪನಿ. ಬಂದ ಬಾಡಿಗೆಗಳನ್ನು ಚಾಲಕ ಮತ್ತೆ ಮತ್ತೆ ಬೇಡ ಅಂದರೆ ಅವನನ್ನು ಸ್ವಲ್ಪ ಹೊತ್ತು ಆ್ಯಪ್‌ನಿಂದ ಹೊರಗಿಡುವವರು, ಪ್ರಯಾಣಿಕರು ಕೊಟ್ಟ ನಕ್ಷತ್ರ ಎಣಿಸಿ ಅವನ ಮೇಲೆ ಹಿಡಿತ ಇಟ್ಟುಕೊಳ್ಳುವವರು? ಅದೂ ಕಂಪನಿಯೇ. ಹಾಗಾದರೆ ಅವರು ಕೆಲಸಗಾರರು ಎಂದು ಕೋರ್ಟು ಹೇಳಿತು. ಆ ಒಂದು ಪದದ ಜೊತೆ ಕನಿಷ್ಠ ವೇತನದ ಹಕ್ಕು ಬಂತು, ಸಂಬಳ ಸಹಿತ ರಜೆಯ ಹಕ್ಕು ಬಂತು. ಆ್ಯಪ್ ತೆರೆದು, ತನ್ನ ಊರಿನ ಗಡಿಯೊಳಗೆ, ಬಾಡಿಗೆಗೆ ಸಿದ್ಧನಾಗಿ ಕಾಯುವ ಹೊತ್ತೂ ಕೆಲಸದ ಹೊತ್ತೇ ಎಂದು ಲೆಕ್ಕಕ್ಕೆ ಸೇರಿತು.